ಎಲ್ಲ ಮರೆವೂ ಅಲ್ಜೈಮರ್ ಅಲ್ಲ, ಮೊದಲು ಮಾತ್ರೆ ಕವರ್ ಸುರಿದು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಬರೆದವರು ಬೇರೆ, ಊರು ಬೇರೆ, ವಿಷಯ ಅದೇ. ಮನೆಯ ಹಿರಿಯರಿಗೆ ಕ್ಯಾನ್ಸರ್ ಆಗಿತ್ತು, ಚಿಕಿತ್ಸೆ ಮುಗಿಯಿತು, ಈಗ ಮರೆವು ಶುರುವಾಗಿದೆ, ಏನು ಮಾಡಬೇಕು? ವಯಸ್ಸಾದವರ ಮರೆವಿನ ತೊಂದರೆ ನೋಡುವುದೇ ನನ್ನ ಕೆಲಸ. ಈ ಪ್ರಶ್ನೆಗೆ ಎದುರಿಗೆ ಕೂತು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಕೀಮೋ ಅಂದರೆ ಏನು ಅಂತ ವಿವರಿಸುವುದಿಲ್ಲ. ಅದನ್ನು ಕಣ್ಣಾರೆ ಕಂಡೇ ನೀವು ಬರೆದಿದ್ದೀರಿ.

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 67 ವರ್ಷ, ನಿವೃತ್ತ ಶಿಕ್ಷಕಿ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲಾ ಮುಗಿದು ಹತ್ತು ತಿಂಗಳಾಯಿತು. ಈಗ ಮಾತಾಡುವಾಗ ಪದವೇ ಸಿಗುವುದಿಲ್ಲ ಅಂತಾರೆ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ. ಅಲ್ಜೈಮರ್ ಶುರುವಾಯಿತಾ? ತಲೆಯ ಎಂಆರ್‌ಐ ಮಾಡಿಸಿಬಿಡೋಣವಾ?

ಪತ್ರ ನೋಡಿ ಕಾಯಿಲೆ ಹೇಳಲು ಆಗುವುದಿಲ್ಲ, ಹೇಳುವವರನ್ನು ನಂಬಲೂಬೇಡಿ. ಆದರೆ ನಿಮ್ಮ ಪತ್ರದಲ್ಲೇ ಒಂದು ಮುಖ್ಯ ವಿಷಯ ಇದೆ. ಪದ ಸಿಗುತ್ತಿಲ್ಲ ಅಂತ ಹೇಳಿದ್ದು ಅಮ್ಮನೇ. ಅಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಮನೆಯವರು ದೂರು ಹೇಳುತ್ತಾರೆ, ರೋಗಿ "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಅನ್ನುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯ ನಂತರದ ಮರೆವಿನಲ್ಲಿ ರೋಗಿಗೇ ಮೊದಲು ಗೊತ್ತಾಗುತ್ತದೆ. ಎಷ್ಟೋ ಸಲ ಮನೆಯವರು ಒಪ್ಪುವುದೇ ಇಲ್ಲ.

ಇನ್ನೊಂದು ವ್ಯತ್ಯಾಸ ಪರೀಕ್ಷೆಯಲ್ಲಿ ಕಾಣುತ್ತದೆ. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇವೆ. ಮೂರು ಹೇಳಿ ನಿಲ್ಲುತ್ತಾರೆ. "ಒಂದು ಹೂವು ಇತ್ತಲ್ಲ" ಅಂದ ತಕ್ಷಣ "ಹಾಂ, ಮಲ್ಲಿಗೆ" ಅಂದರೆ ಪದ ಒಳಗೆ ಹೋಗಿದೆ, ಹೊರಗೆ ತರುವುದು ನಿಧಾನವಾಗಿದೆ. ಅಲ್ಜೈಮರ್‌ನಲ್ಲಿ ಸುಳಿವು ಕೊಟ್ಟರೂ ಅಷ್ಟಾಗಿ ಉಪಯೋಗವಾಗುವುದಿಲ್ಲ, ಏಕೆಂದರೆ ಪದ ಒಳಗೆ ಕೂತೇ ಇರುವುದಿಲ್ಲ. ಕ್ಯಾನ್ಸರ್ ಆದವರಲ್ಲಿ ನಾವು ಹೆಚ್ಚಾಗಿ ನೋಡುವುದು ಗಮನ ನಿಲ್ಲದಿರುವುದು, ವೇಗ ಕಮ್ಮಿಯಾಗುವುದು, ಎರಡು ಕೆಲಸ ಒಟ್ಟಿಗೆ ಆಗದಿರುವುದು. ಹಾಲು ಉಕ್ಕಿದ್ದು ಯಾವಾಗ? ಫೋನ್ ಬಂದಾಗಲೋ, ಸುಮ್ನೆ ಪಕ್ಕದಲ್ಲೇ ನಿಂತಿದ್ದಾಗಲೋ? ಇದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಸ್ಕ್ಯಾನ್ ಫಿಲ್ಮ್‌ಗಿಂತ ಆ ಚೀಟಿ ನನಗೆ ಜಾಸ್ತಿ ಉಪಯೋಗ.

ಇದು ಮನಸ್ಸಿನ ಭ್ರಮೆ ಅಂತ ಹೇಳುವವರು ಇನ್ನೂ ಇದ್ದಾರೆ, ವೈದ್ಯರಲ್ಲೂ ಇದ್ದಾರೆ, ಅದು ನನಗೆ ತುಂಬಾ ಬೇಸರದ ವಿಷಯ. 2017ರಲ್ಲಿ ಅಮೆರಿಕದಿಂದ ಒಂದು ದೊಡ್ಡ ಅಧ್ಯಯನ ಬಂತು. ಸ್ತನ ಕ್ಯಾನ್ಸರ್ ಇದ್ದ 581 ಮಹಿಳೆಯರನ್ನು ಕ್ಯಾನ್ಸರ್ ಇಲ್ಲದ 364 ಮಹಿಳೆಯರ ಜೊತೆ ಹೋಲಿಸಿದರು. ನೆನಪು, ಗಮನ ಹೇಗಿದೆ ಅಂತ ಕೀಮೋ ಶುರುವಾಗುವ ಮುಂಚೆ ಒಮ್ಮೆ ಕೇಳಿದರು, ಮುಗಿದು ಆರು ತಿಂಗಳ ಮೇಲೂ ಕೇಳಿದರು. ಮೊದಲಿಗಿಂತ ಕೆಟ್ಟಿದೆ ಅಂದವರು ಕ್ಯಾನ್ಸರ್ ಗುಂಪಿನಲ್ಲಿ 36.5%, ಇನ್ನೊಂದು ಗುಂಪಿನಲ್ಲಿ 13.6%. ಹಾಗಾಗಿ ಅಮ್ಮ ಹೇಳುವುದನ್ನು ನಂಬಿ.

ಇದಕ್ಕೆ "ಕೀಮೋ ಬ್ರೇನ್" ಅನ್ನುವ ಹೆಸರು ರೂಢಿಯಾಗಿದೆ. ನನಗೆ ಆ ಹೆಸರು ಇಷ್ಟವಿಲ್ಲ. ಕೆಲವರಲ್ಲಿ ಕೀಮೋ ಶುರುವಾಗುವ ಮುಂಚೆಯೇ ಪರೀಕ್ಷೆಯ ಅಂಕ ಕಮ್ಮಿ ಇರುತ್ತದೆ. ಕಾಯಿಲೆಯಿಂದ ಆಗುವ ಉರಿಯೂತ, ಆಪರೇಷನ್, ಹಾರ್ಮೋನ್ ತಡೆಯುವ ಚಿಕಿತ್ಸೆ, ರಕ್ತಹೀನತೆ, ತಿಂಗಳುಗಟ್ಟಲೆ ನಿದ್ದೆಗೆಟ್ಟ ರಾತ್ರಿಗಳು, ಎಲ್ಲವೂ ಸೇರಿಕೊಳ್ಳುತ್ತವೆ. ಕೀಮೋದ ಪಾಲೂ ಇಲ್ಲವೆಂದಲ್ಲ. ಮೆಥೋಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೊಟ್ಟ ಇಲಿಗಳಲ್ಲಿ ಮೆದುಳಿನ ಕಾವಲು ಕೋಶಗಳು ಕೆರಳಿ, ನರದ ಎಳೆಗಳ ಮೇಲಿನ ಹೊದಿಕೆ ಹಾಳಾಗುವುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಹೊದಿಕೆ ಕೆಟ್ಟರೆ ಸಂದೇಶ ಹೋಗುವುದು ನಿಧಾನ. ರೋಗಿಗಳು ಹೇಳುವುದೂ ಅದನ್ನೇ, "ತಲೆ ನಿಧಾನ ಆಗಿದೆ" ಅಂತ.

ವಯಸ್ಸಿನ ಲೆಕ್ಕ ಬೇರೆ. 60 ದಾಟಿದವರನ್ನೇ ಆರಿಸಿಕೊಂಡು ಅಮೆರಿಕದಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರ್ ಆದ 344 ಮಂದಿ, ಆಗದ 347 ಮಂದಿ. ಅಲ್ಜೈಮರ್ ಅಪಾಯ ಹೆಚ್ಚಿಸುವ ಎಪಿಒಇ-4 ಜೀನ್ ಇದ್ದು, ಕೀಮೋ ಕೂಡ ಪಡೆದವರಲ್ಲಿ ಗಮನ ಮತ್ತು ವೇಗ ಕುಸಿಯಿತು. ಉಳಿದ ಹೆಚ್ಚಿನವರು ಚೆನ್ನಾಗಿಯೇ ಇದ್ದರು. ಅಂದರೆ ಎಲ್ಲರಿಗೂ ಒಂದೇ ಭವಿಷ್ಯ ಬರೆದಿಲ್ಲ. ಕ್ಯಾನ್ಸರ್ ಆದವರಿಗೆ ಅಲ್ಜೈಮರ್ ಬಂದೇ ಬರುತ್ತದೆ ಅನ್ನುವುದಂತೂ ಸುಳ್ಳು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 65 ದಾಟಿದ 1278 ಜನರನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕ್ಯಾನ್ಸರ್ ಗೆದ್ದು ಬಂದವರಿಗೆ ಅಲ್ಜೈಮರ್ ಅಪಾಯ ಮೂರನೇ ಒಂದರಷ್ಟು ಕಮ್ಮಿಯೇ ಇತ್ತು. ಏಕೆ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ನಾನು ಎಲ್ಲಕ್ಕಿಂತ ಮೊದಲು ಮಾಡುವ ಕೆಲಸಕ್ಕೆ ಬರುತ್ತೇನೆ. ಹಿಂದೆ ಒಬ್ಬ ತಾಯಿಯನ್ನು ಮಗ ಚಿಕ್ಕಮಗಳೂರು ಕಡೆಯಿಂದ ಕರೆತಂದಿದ್ದರು. 70ರ ಆಸುಪಾಸು. ಮೂವತ್ತು ವರ್ಷ ಭಜನಾ ಮಂಡಳಿಯಲ್ಲಿ ಹಾಡಿದವರು, ಮುಂದಿನ ಸಾಲು ಮರೆತುಹೋಗುತ್ತದೆ ಅಂತ ಹೋಗುವುದನ್ನೇ ಬಿಟ್ಟಿದ್ದರು. ಮಗನ ಕೈಯಲ್ಲಿ ಎರಡು ಸ್ಕ್ಯಾನ್ ರಿಪೋರ್ಟ್. ತಾಯಿಯ ಕೈಯಲ್ಲಿ ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರ್, ಅದರ ತುಂಬ ಮಾತ್ರೆ. ಅದನ್ನು ಮೇಜಿನ ಮೇಲೆ ಸುರಿಯಲು ಹೇಳಿದೆ. ಕೀಮೋ ಸಮಯದಲ್ಲಿ ತುರಿಕೆಗೆ ಕೊಟ್ಟ ಫೆನಿರಮಿನ್, ಇನ್ನೂ ದಿನಾ ನುಂಗುತ್ತಿದ್ದಾರೆ. ಪಾದದ ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್. ಮೂತ್ರ ತಡೆಯಲಾಗದ್ದಕ್ಕೆ ಆಕ್ಸಿಬ್ಯುಟಿನಿನ್. ನಿದ್ದೆಗೆ ಅರ್ಧ ಆಲ್‌ಪ್ರಜೋಲಾಮ್. ನಾಲ್ಕು ಮಾತ್ರೆ ಬರೆದವರು ನಾಲ್ಕು ಜನ, ತಮ್ಮ ತಮ್ಮ ಲೆಕ್ಕದಲ್ಲಿ ಎಲ್ಲರೂ ಸರಿ. ಆದರೆ ಮೊದಲ ಮೂರೂ, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ನಾಲ್ಕನೆಯದು ಇಡೀ ಮೆದುಳನ್ನೇ ಮಂಕಾಗಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ನೋಡಿದವರು ಒಬ್ಬರೂ ಇರಲಿಲ್ಲ.

ಎರಡು ತಿಂಗಳು ಹಿಡಿದು, ಆಯಾ ವೈದ್ಯರ ಜೊತೆ ಮಾತಾಡಿ, ಒಂದೊಂದಾಗಿ ಇಳಿಸಿದೆವು. ಬಿ12 ಕಮ್ಮಿ ಇತ್ತು, ಸರಿಮಾಡಿದೆವು. ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮನೆಯವರು ಮರೆವು ಅಂದುಕೊಂಡಿದ್ದರಲ್ಲಿ ಒಂದಷ್ಟು ಮೊದಲೇ ಕೇಳಿಸಿರದ ಮಾತು. ಅವರೀಗ ಮತ್ತೆ ಭಜನೆಗೆ ಹೋಗುತ್ತಾರೆ, ಹಾಡಿನ ಪುಸ್ತಕ ಎದುರಿಗಿಟ್ಟುಕೊಂಡು. ಪೂರ್ತಿ ಮೊದಲಿನಂತಾದರು ಅಂತ ನಾನು ಹೇಳುವುದಿಲ್ಲ.

ಒಂದು ಎಚ್ಚರಿಕೆ. ಇದನ್ನು ಓದಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಆಲ್‌ಪ್ರಜೋಲಾಮ್ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. 60 ದಾಟಿದವರಿಗೆ ಅದನ್ನು ನಾನು ಹೊಸದಾಗಿ ಬರೆಯುವುದೇ ಇಲ್ಲ. ಇದು ಅತಿ ಅನ್ನುವ ಸಹೋದ್ಯೋಗಿಗಳಿದ್ದಾರೆ. ಬಾತ್‌ರೂಮಿನಲ್ಲಿ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿ ನೋಡಿ ನಾನು ಹೀಗಾಗಿದ್ದೇನೆ.

ಆಮೇಲೆ ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸೋಡಿಯಂ, ಕ್ಯಾಲ್ಸಿಯಂ. ಖಿನ್ನತೆ ಇದೆಯಾ ಅಂತ ಸರಿಯಾಗಿ ಕೇಳಬೇಕು, ಕ್ಯಾನ್ಸರ್ ಗೆದ್ದವರು ಅಳಬಾರದು ಅಂತ ಮನೆಯವರೇ ಬಾಯಿ ಮುಚ್ಚಿಸಿರುತ್ತಾರೆ. ಎಂಆರ್‌ಐ ಯಾವಾಗ? ಹೊಸದಾಗಿ ತಲೆನೋವು, ಬೆಳಗಿನ ವಾಂತಿ, ಒಂದು ಕಡೆ ಶಕ್ತಿ ಕಮ್ಮಿ, ಫಿಟ್ಸ್, ನಡವಳಿಕೆಯೇ ಬದಲಾಗುವುದು, ಬಿದ್ದು ತಲೆಗೆ ಪೆಟ್ಟು, ಇವುಗಳಲ್ಲಿ ಒಂದಿದ್ದರೂ ತಡಮಾಡದೆ. ಇಲ್ಲದಿದ್ದರೆ ಪರೀಕ್ಷಿಸಿದ ವೈದ್ಯರು ನಿರ್ಧರಿಸಲಿ.

ನೆನಪಿನ ಪರೀಕ್ಷೆ ಕನ್ನಡದಲ್ಲೇ ಆಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಕನ್ನಡವೂ ಸೇರಿ ಐದು ಭಾಷೆಗಳಲ್ಲಿದೆ, ಕೇಳಿ ಪಡೆಯಿರಿ. ಹತ್ತು ನಿಮಿಷದ ಚಿಕ್ಕ ಪರೀಕ್ಷೆಯಲ್ಲಿ ಶಿಕ್ಷಕಿಯಾಗಿದ್ದವರು ಪೂರ್ತಿ ಅಂಕ ತೆಗೆದುಬಿಡುತ್ತಾರೆ, "ಏನೂ ಇಲ್ಲ ಹೋಗಿ" ಅಂತ ಕಳಿಸುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ.

ಮತ್ತೆ ದಯವಿಟ್ಟು ಮನೆಯಲ್ಲಿ ಪರೀಕ್ಷೆ ನಡೆಸಬೇಡಿ. ನೆಂಟರ ಎದುರು "ಅಮ್ಮಾ, ಇವತ್ತು ಯಾವ ವಾರ ಹೇಳು ನೋಡೋಣ" ಅನ್ನುವುದಿದೆಯಲ್ಲ, ಅದನ್ನು ನಿಲ್ಲಿಸಿ. ಜೀವನವಿಡೀ ಮಕ್ಕಳಿಗೆ ಪ್ರಶ್ನೆ ಕೇಳಿದವರು ಅವರು. ಆ ಹೊತ್ತಿನಲ್ಲಿ ಅವರ ಮುಖ ನೋಡಿದ್ದೀರಾ?

ಔಷಧಿ ಇದೆಯಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಗೊತ್ತು. ಅಲ್ಜೈಮರ್‌ಗೆ ಕೊಡುವ ಡೊನೆಪೆಜಿಲ್ ಅನ್ನು ಸ್ತನ ಕ್ಯಾನ್ಸರ್ ಗೆದ್ದ 276 ಮಹಿಳೆಯರಲ್ಲಿ 24 ವಾರ ಪರೀಕ್ಷಿಸಿದರು. ಸುಮ್ನೆ ಹಿಟ್ಟಿನ ಮಾತ್ರೆಗೂ ಅದಕ್ಕೂ ನೆನಪಿನಲ್ಲಿ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಬೇಡ. ದಿನಾ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಒಂದು ಹೊತ್ತಿಗೆ ಒಂದೇ ಕೆಲಸ, ಹಾಲಿಟ್ಟ ಕೂಡಲೇ ಫೋನಿನಲ್ಲಿ ಅಲಾರಂ. ಆಸ್ಟ್ರೇಲಿಯಾದಲ್ಲಿ ಕ್ಯಾನ್ಸರ್ ಗೆದ್ದ 242 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮನೆಯಲ್ಲೇ ಕಂಪ್ಯೂಟರ್ ಮೇಲೆ 15 ವಾರದ ತರಬೇತಿ ಕೊಟ್ಟು ನೋಡಿದಾಗ, ಪರೀಕ್ಷೆಯ ಅಂಕ ಏರಲಿಲ್ಲ, ಆದರೆ ದಿನನಿತ್ಯದ ತೊಂದರೆ ಕಮ್ಮಿಯಾಗಿದೆ ಅಂತ ಅವರೇ ಹೇಳಿದರು. ನನ್ನ ಮಟ್ಟಿಗೆ ಅದು ಸಣ್ಣ ಲಾಭವಲ್ಲ.

ಪ್ರಶ್ನೆ: ಅಪ್ಪನಿಗೆ ಕೀಮೋ ನಡೆಯುತ್ತಿದೆ. ನೆನಪಿನ ಶಕ್ತಿಗೆ ಒಬ್ಬರು ಭಸ್ಮ ಕೊಡುತ್ತಾರಂತೆ. ಒಂದೆಲಗ ಒಳ್ಳೆಯದಾ?

ಒಂದೆಲಗದ ತಂಬುಳಿ ಮಾಡಿ, ಅನ್ನಕ್ಕೆ ಕಲಸಿ ತಿನ್ನಲಿ, ನಾನೂ ತಿನ್ನುತ್ತೇನೆ. ಕ್ಯಾಪ್ಸೂಲ್, ಕಷಾಯ ಬೇರೆ ವಿಷಯ. ಕೀಮೋ ಔಷಧಿಯನ್ನು ಕರಗಿಸುವ ಲಿವರ್ ಮೇಲೇ ಅವೂ ಹೋಗಿ ಕೂರುತ್ತವೆ, ಕ್ಯಾನ್ಸರ್ ವೈದ್ಯರಿಗೆ ಹೇಳದೆ ಏನನ್ನೂ ಕೊಡಬೇಡಿ. ಭಸ್ಮ ಮಾತ್ರ ಬೇಡವೇ ಬೇಡ. ಇಂಟರ್‌ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ 2008ರ ವರದಿಯಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಮೆದುಳಿಗೆ ವಿಷ. ನೆನಪಿಗೆ ಅಂತ ಅದನ್ನೇ ತಿನ್ನಿಸುವುದಾ? ಡಬ್ಬಿಯ ಮೇಲೆ ಏನೇನಿದೆ ಅಂತ ಬರೆಯದೆ, ಬಿಲ್ ಕೊಡದೆ, "ಕೀಮೋ ನಿಲ್ಲಿಸಿ ಬನ್ನಿ" ಅನ್ನುವವರು ಜೀವ ತೆಗೆಯುತ್ತಾರೆ. ಅಂಥವರ ಹತ್ತಿರ ಹೋಗಿ, ಎಲ್ಲ ಕೈಮೀರಿದ ಮೇಲೆ ವಾಪಸ್ ಬಂದವರನ್ನು ನೋಡಿದ್ದೇನೆ.

ಪ್ರಶ್ನೆ: ನೆನಪಿಗೆ ಅಂತ ಮಾರುವ ಗಿಂಕೋ ಮಾತ್ರೆ ತೆಗೆದುಕೊಳ್ಳಬಹುದಾ?

75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿ 2008ರಲ್ಲೇ ಹೇಳಿಯಾಗಿದೆ, ಡಿಮೆನ್ಶಿಯಾವನ್ನು, ಅಂದರೆ ಅಲ್ಜೈಮರ್‌ನಂಥ ಮರೆವಿನ ಕಾಯಿಲೆಗಳನ್ನು, ಅದು ತಡೆಯುವುದಿಲ್ಲ.

ಪ್ರಶ್ನೆ: ಎಪಿಒಇ ಜೀನ್ ಪರೀಕ್ಷೆ ಮನೆಯವರೆಲ್ಲ ಮಾಡಿಸಿಕೊಳ್ಳೋಣವಾ?

ಬೇಡ.

ಪ್ರಶ್ನೆ: ಅರವತ್ತಕ್ಕೆ ಅರಳು ಮರಳು ಅಂತ ಹಿರಿಯರೇ ಹೇಳಿದ್ದಾರಲ್ಲ, ಇದಕ್ಕೆಲ್ಲ ಡಾಕ್ಟರ್ ಯಾಕೆ?

ಈ ಗಾದೆಯಿಂದ ಆದಷ್ಟು ಅನ್ಯಾಯ ಇನ್ನೊಂದರಿಂದ ಆಗಿಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ ಇರುವವರು 7.4% ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ನೂರಕ್ಕೆ 92 ಜನರಿಗೆ ಇಲ್ಲ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಸಾವಿರಾರು ರೈತಾಪಿ ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದಾರೆ. ವಯಸ್ಸಾಗುವುದು ಬೇರೆ, ಕಾಯಿಲೆ ಬೇರೆ ಅಂತ ಗೊತ್ತಿರುವುದಕ್ಕೇ ಅಷ್ಟು ಶ್ರಮ. ಬಿಪಿ, ಶುಗರ್, ಕಿವಿ, ಕಣ್ಣು ನೋಡಿಸಿ.

ಪ್ರಶ್ನೆ: ಸುಡೋಕು ಆಡಿಸಿದರೆ ಸಾಕಾ?

ಸುಡೋಕು ಆಡಿದರೆ ಸುಡೋಕು ಚೆನ್ನಾಗಿ ಬರುತ್ತದೆ. ಇಷ್ಟವಿದ್ದರೆ ಆಡಲಿ.

ಪ್ರಶ್ನೆ: ತಂದೆಗೆ 74. ಮೂರನೇ ಕೀಮೋ ಆಗಿ ವಾರವಾಯಿತು. ಎರಡು ದಿನದಿಂದ ಏನೇನೋ ಮಾತಾಡುತ್ತಾರೆ, ರಾತ್ರಿಯೆಲ್ಲ ಎದ್ದು ಕೂರುತ್ತಾರೆ, ಮಧ್ಯಾಹ್ನ ಎಬ್ಬಿಸಿದರೂ ಏಳುವುದಿಲ್ಲ. ಇದು ಕೀಮೋ ಮರೆವೇ ಇರಬೇಕು ಅಲ್ವಾ? ನಿಮ್ಮ ಉತ್ತರ ಓದಿ ಮುಂದುವರಿಯುತ್ತೇವೆ.

ಈ ಪತ್ರ ಕಂಡ ಕೂಡಲೇ ನಾನು ಇವರಿಗೆ ಫೋನ್ ಮಾಡಿದೆ. ಇಲ್ಲಿ ಹಾಕುತ್ತಿರುವುದು ಉಳಿದವರಿಗಾಗಿ. ಮರೆವು ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಎರಡು ದಿನದಲ್ಲಿ ಬಂದು, ಬೆಳಿಗ್ಗೆ ಒಂದು ಥರ ಸಂಜೆ ಇನ್ನೊಂದು ಥರ ಇದ್ದರೆ ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಬುದ್ಧಿಯ ಗೊಂದಲ. ಸೋಂಕು, ಸೋಡಿಯಂ ಇಳಿದಿರುವುದು, ಮೂತ್ರ ಕಟ್ಟಿರುವುದು, ಯಾವುದೋ ಹೊಸ ಮಾತ್ರೆ, ಕಾರಣ ಒಂದು ಇದ್ದೇ ಇರುತ್ತದೆ, ಬೇಗ ಹುಡುಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಕೀಮೋ ಆಗಿ ವಾರ, ಹತ್ತು ದಿನದಲ್ಲಿ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಆಗ ಸೋಂಕು ತಗುಲಿದರೆ ಗಂಟೆ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ವಯಸ್ಸಾದವರಲ್ಲಿ ಜ್ವರ ಬರದೆಯೂ ಇರಬಹುದು, ಮೈ ತಣ್ಣಗಿದೆ ಅಂತ ಸುಮ್ಮನಿರಬೇಡಿ. ಹೀಗಾದರೆ ನನಗೂ ಬರೆಯಬೇಡಿ, ಯಾರಿಗೂ ಬರೆಯಬೇಡಿ. ಕೀಮೋ ಫೈಲ್, ಮಾತ್ರೆ ಕವರ್ ಎರಡನ್ನೂ ಹಿಡಿದು ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ, ರಾತ್ರಿಯಾಗಿದ್ದರೂ ಸರಿ.