ಎಲ್ಲ ಆರ್ಡರುಗಳೂ ತುರ್ತಾದಾಗ ಸರಕು ಸಕಾಲಕ್ಕೆ ಹೊರಡುವುದು ಹೇಗೆ?

ಪ್ರಶ್ನೆ: ಕಾರ್ಖಾನೆಯ ಉತ್ಪಾದನಾ ಯೋಜನಾ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ದಿನವಿಡೀ ಫೋನಿನಲ್ಲಿ ಬೆನ್ನುಬಿದ್ದರೂ ಸರಕು ಹೇಳಿದ ದಿನಕ್ಕೆ ಹೊರಡುತ್ತಿಲ್ಲ. ಮಾರಾಟ ವಿಭಾಗದವರು ಪ್ರತಿಯೊಂದು ಆರ್ಡರನ್ನೂ ತುರ್ತು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಶ್ರಮ ಕಡಿಮೆಯಾಗಿದೆ ಎಂದು ನನಗೆ ಅನ್ನಿಸುವುದಿಲ್ಲ, ಅದು ಖರ್ಚಾಗುತ್ತಿರುವ ಜಾಗ ಬದಲಾಗಬೇಕು. ಹಲವು ಬಗೆಯ ಕೆಲಸ ಒಟ್ಟಿಗೆ ಸಾಗುವ ಕಾರ್ಖಾನೆಗಳಲ್ಲಿ ಒಂದು ಆರ್ಡರು ಯಂತ್ರದ ಮೇಲಿರುವ ಸಮಯಕ್ಕಿಂತ ಸರದಿಗಾಗಿ ಕಾಯುವ ಸಮಯವೇ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಒಂದನ್ನು ಮುಂದಕ್ಕೆ ತಳ್ಳಿದಾಗ ಉಳಿದವು ಹಿಂದೆ ಸರಿಯುತ್ತವೆ, ಮರುವಾರ ಅವೇ ತುರ್ತಾಗಿ ನಿಮ್ಮ ಮೇಜಿಗೆ ಬರುತ್ತವೆ.

ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದು ಇಲ್ಲಿ ನೆರವಾಗುತ್ತದೆ. ಕೆಲಸದಲ್ಲಿರುವ ಆರ್ಡರುಗಳ ಸರಾಸರಿ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಆರ್ಡರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಆರ್ಡರಿಗೆ ಹಿಡಿಯುವ ಸರಾಸರಿ ಕಾಲ ಸಿಗುತ್ತದೆ. 60 ಆರ್ಡರುಗಳಿದ್ದು ದಿನಕ್ಕೆ 5 ಮುಗಿಯುತ್ತಿದ್ದರೆ 12 ದಿನ. ಅದೇ ವೇಗದಲ್ಲಿ ಇನ್ನೂ 10 ಒಳಬಿಟ್ಟರೆ 14 ದಿನ. ಬೇಗ ಮುಗಿಯಲೆಂದು ಬೇಗ ಶುರುಮಾಡುವುದೇ ಎಲ್ಲವನ್ನೂ ತಡಮಾಡುತ್ತದೆ. ಎಲ್ಲ ಬಿಡಿಭಾಗಗಳೂ ಕೈಸೇರುವವರೆಗೆ ಆರ್ಡರನ್ನು ಶಾಪ್‌ಫ್ಲೋರಿಗೆ, ಅಂದರೆ ಯಂತ್ರಗಳು ಕೆಲಸ ಮಾಡುವ ಜಾಗಕ್ಕೆ, ಬಿಡಬೇಡಿ. ತುರ್ತು ಪಟ್ಟಿಗೆ ಮಿತಿಯಿರಲಿ: ಹೊಸದೊಂದು ಸೇರಬೇಕಾದರೆ ಯಾವುದನ್ನು ತೆಗೆಯಬೇಕೆಂಬುದನ್ನು ಮಾರಾಟ ವಿಭಾಗವೇ ಹೇಳಲಿ. ಇದಕ್ಕೆ ನಿಮ್ಮ ಮೇಲಧಿಕಾರಿಯ ಬೆಂಬಲ ಬೇಕೇ ಬೇಕು, ಅದನ್ನು ಮೊದಲೇ ಪಡೆದುಕೊಳ್ಳಿ.

ಸರಬರಾಜುದಾರರನ್ನು ‘ಯಾವಾಗ ಕಳಿಸುತ್ತೀರಿ’ ಎಂದು ಕೇಳಿದರೆ ‘ನಾಳೆ’ ಎಂಬ ಉತ್ತರವೇ ಬರುತ್ತದೆ. ಕಚ್ಚಾವಸ್ತು ಬಂದಿದೆಯೇ, ಕೆಲಸ ಯಾವ ಹಂತದಲ್ಲಿದೆ, ಗುಣಮಟ್ಟದ ತಪಾಸಣೆ ಬಾಕಿಯಿದೆಯೇ ಎಂದು ಕೇಳಿ. ಅದೂ ಗಡುವಿನ ಹಿಂದಿನ ದಿನವಲ್ಲ, ಅರ್ಧ ಅವಧಿ ಉಳಿದಿರುವಾಗಲೇ.

ಸರಕು ಹಡಗಿನಲ್ಲಿ ಹೋಗುವುದಾದರೆ ಹಡಗು ಹೊರಡುವ ದಿನವನ್ನು ಗಡುವೆಂದು ಬರೆದುಕೊಳ್ಳಬೇಡಿ. ಕಂಟೇನರು ಬಂದರಿನ ಗೇಟು ದಾಟಬೇಕಾದ ಕಟ್‌ಆಫ್ ಸಮಯ ಅದಕ್ಕಿಂತ ಮೊದಲೇ ಬರುತ್ತದೆ. ಅಲ್ಲದೆ, ಸರಕು ತುಂಬಿದ ಕಂಟೇನರಿನ ದೃಢೀಕೃತ ಒಟ್ಟು ತೂಕವನ್ನು ತಿಳಿಸದೆ ಅದನ್ನು ಹಡಗಿಗೆ ಏರಿಸುವಂತಿಲ್ಲ ಎಂಬ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 1ರಿಂದ ಜಾರಿಯಲ್ಲಿದೆ. ತೂಕ, ಪ್ಯಾಕಿಂಗ್, ದಾಖಲೆಪತ್ರ, ಲಾರಿ ಪ್ರಯಾಣ ಇವಿಷ್ಟಕ್ಕೂ ಬೇಕಾದ ದಿನಗಳನ್ನು ಆ ಕಟ್‌ಆಫ್‌ನಿಂದ ಹಿಂದಕ್ಕೆ ಎಣಿಸಿ, ಉತ್ಪಾದನೆ ಮುಗಿಯಬೇಕಾದ ದಿನವನ್ನು ಗೊತ್ತುಮಾಡಿ. ಆ ದಿನ ತಪ್ಪುವ ಸೂಚನೆ ಕಂಡ ಕೂಡಲೇ, ಹೊಸ ದಿನಾಂಕದೊಂದಿಗೆ, ಗ್ರಾಹಕರಿಗೆ ನೀವಾಗಿಯೇ ತಿಳಿಸಿ.