ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರೌನ್ ಸ್ಟೆಮ್ ಎಷ್ಟು ಕತ್ತರಿಸ್ಬೇಕು?

ಪ್ರಶ್ನೆ: ಸರ್, ಮೊದಲನೇ ಸಲ ಒಂದು ವಾಚ್ ನಾನೇ ಜೋಡಿಸ್ತಿದ್ದೀನಿ. ಮೂವ್‌ಮೆಂಟ್ (ವಾಚ್ ಓಡಿಸೋ ಒಳಗಿನ ಯಂತ್ರ) ಸೈಕೋ ಕಂಪನಿಯ ಎನ್‌ಎಚ್35, ಕೇಸ್ ಬೇರೆ ಕಡೆಯಿಂದ ತರಿಸಿದ್ದು, ಕ್ರೌನ್, ಅಂದ್ರೆ ಕೀ ಕೊಡೋ ತಿರುಪು, ಕೇಸ್ ಜೊತೆನೇ ಬಂತು, ತಿರುಗಿಸಿ ಬಿಗಿ ಮಾಡೋ ಥರದ್ದಲ್ಲ, ಬರೀ ಒತ್ತಿ ಎಳೆಯೋದು. ಡಯಲ್ ಕೂರಿಸಿದ್ದಾಯ್ತು, ಮುಳ್ಳುಗಳೂ ಆಯ್ತು. ಈಗ ಸ್ಟೆಮ್‌ಗೆ (ಕ್ರೌನನ್ನ ಮೂವ್‌ಮೆಂಟ್‌ಗೆ ಸೇರಿಸೋ ಸಣ್ಣ ಕಡ್ಡಿ) ಕ್ರೌನ್ ಹಾಕಿ ಒಳಗೆ ತಳ್ಳಿದ್ರೆ ಕ್ರೌನ್ ಕೇಸಿಂದ ನಾಲ್ಕು ಮಿಲಿಮೀಟರಷ್ಟು ಆಚೆ ನಿಂತಿದೆ. ಕತ್ತರಿಸ್ಬೇಕು ಅನ್ನೋದು ಗೊತ್ತು, ಆದ್ರೆ ಎಷ್ಟು ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಎನ್‌ಎಚ್35ಗೆ ಸರಿಯಾದ ಸ್ಟೆಮ್ ಉದ್ದ ಎಷ್ಟು, ಒಂದು ನಂಬರ್ ಹೇಳಿಬಿಡಿ.

ಉತ್ತರ: ನಂಬರ್ ಹೇಳೋಕೆ ಬರಲ್ಲ, ಬೇರೆ ಯಾರಾದ್ರೂ ಹೇಳಿದ್ರೂ ಅದನ್ನ ನಂಬ್ಕೊಂಡು ಕಟರ್ ಎತ್ಬೇಡಿ. ಮೂವ್‌ಮೆಂಟ್ ಒಂದೇ ಆದ್ರೂ ಕೇಸ್ ಗೋಡೆ ಎಷ್ಟು ದಪ್ಪ ಇದೆ, ಸ್ಟೆಮ್ ಹಾದುಹೋಗೋ ಸಣ್ಣ ಕೊಳವೆ, ಅಂದ್ರೆ ಟ್ಯೂಬ್, ಎಷ್ಟು ಆಚೆ ಬಂದಿದೆ, ಕ್ರೌನ್ ಒಳಗಿನ ತೂತು ಎಷ್ಟು ಆಳ ಇದೆ ಅನ್ನೋದರ ಮೇಲೆ ಉದ್ದ ಬದಲಾಗುತ್ತೆ. ಅದೇ ಕೇಸಿಗೆ ಬೇರೆ ಕ್ರೌನ್ ಹಾಕಿದ್ರೂ ಲೆಕ್ಕ ಬೇರೆ. ಹೊಸ ಸ್ಟೆಮ್ಮನ್ನ ಬೇಕಂತಲೇ ಉದ್ದ ಮಾಡಿ ಕಳಿಸೋದು ಅದಕ್ಕೇ. ಆ ಅಳತೆ ನಿಮ್ಮ ಕೇಸಿಂದಲೇ ಬರ್ಬೇಕು, ಮತ್ತೆ ಅದನ್ನ ತಗೊಳ್ಳೋದು ಕಷ್ಟ ಏನಿಲ್ಲ, ಒಂದು ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಇದ್ರೆ ಸಾಕು.

ಕ್ರೌನ್‌ಗೂ ಕೇಸಿಗೂ ನಡುವಿನ ಸಂದಿನ ಅಳೆಯೋಕೆ ಹೋಗ್ಬೇಡಿ, ಆ ಸಂದಿಯಲ್ಲಿ ಕ್ಯಾಲಿಪರ್ ಮೂತಿ ಸರಿಯಾಗಿ ಕೂರಲ್ಲ, ಜೊತೆಗೆ ಟ್ಯೂಬ್ ಬೇರೆ ಅಡ್ಡ ಬರುತ್ತೆ. ಅದರ ಬದಲು ಹೀಗೆ ಮಾಡಿ. ಮೊದಲು ಸ್ಟೆಮ್ ಇಲ್ಲದೆ ಬರೀ ಕ್ರೌನನ್ನ ಟ್ಯೂಬಿನ ಮೇಲೆ ಪೂರ್ತಿ ಒತ್ತಿ ಕೂರಿಸಿ, ಕೇಸಿನ 9 ಗಂಟೆ ಕಡೆಯಿಂದ ಕ್ರೌನಿನ ಹೊರ ಮುಖದವರೆಗೆ ಅಳತೆ ತಗೊಳ್ಳಿ. ಉದಾಹರಣೆಗೆ 43.10 ಮಿ.ಮೀ. ಬಂತು ಅಂದ್ಕೊಳ್ಳಿ. ಆಮೇಲೆ ಕತ್ತರಿಸದ ಉದ್ದ ಸ್ಟೆಮ್‌ಗೆ ಕ್ರೌನನ್ನ ಬೆರಳಲ್ಲೇ ತಿರುಗಿಸಿ ತಳ ಮುಟ್ಟೋವರೆಗೆ ಹಾಕಿ, ಮೂವ್‌ಮೆಂಟ್‌ಗೆ ತೂರಿಸಿ, ಕೀ ಕೊಡೋ ಪೊಸಿಷನ್ ಅಂದ್ರೆ ಪೂರ್ತಿ ಒಳಗಿನ ಪೊಸಿಷನ್‌ಗೆ ತಳ್ಳಿ, ಅದೇ ಎರಡು ಜಾಗದ ನಡುವೆ ಮತ್ತೆ ಅಳೀರಿ. ಈಗ 47.35 ಬಂತು ಅಂದ್ರೆ ವ್ಯತ್ಯಾಸ 4.25. ಅದರಲ್ಲಿ 0.1 ಮಿ.ಮೀ.ಯಷ್ಟು, ಅಂದ್ರೆ ಒಂದು ಕಾಗದದ ದಪ್ಪ, ಉಳಿಸ್ಕೊಳ್ಳಿ, ಯಾಕಂದ್ರೆ ಕ್ರೌನ್ ಟ್ಯೂಬಿಗೋ ಕೇಸಿಗೋ ತಾಗಿ ನಿಂತ್ಬಿಟ್ರೆ ಒಳಗೆ ಸ್ಟೆಮ್ಮನ್ನ ಹಿಡಿದಿಟ್ಟಿರೋ ಸೆಟ್ಟಿಂಗ್ ಲಿವರ್ ಪೂರ್ತಿ ವಾಪಸ್ ಬರಲ್ಲ, ಕ್ಲಿಕ್ ಅರ್ಧಕ್ಕೇ ನಿಲ್ಲುತ್ತೆ, ಕೀ ಒಂದ್ಸಲ ಹಿಡಿಯುತ್ತೆ ಒಂದ್ಸಲ ಹಿಡಿಯಲ್ಲ. ಹಾಗಾಗಿ ತೆಗೀಬೇಕಾದ್ದು 4.15.

ಈ ಎರಡನೇ ಅಳತೆ ತಗೊಳ್ಳೋವಾಗ ವಾಚ್ ಕೊನೆಗೆ ಹೇಗೆ ಇರುತ್ತೋ ಹಾಗೇ ಇರ್ಬೇಕು, ಡಯಲ್ ಇರ್ಬೇಕು, ಮೂವ್‌ಮೆಂಟ್ ಸುತ್ತ ಇರೋ ಸ್ಪೇಸರ್ ರಿಂಗ್ ಇರ್ಬೇಕು, ಕ್ರೌನ್ ಒಳಗೆ ರಬ್ಬರ್ ಗ್ಯಾಸ್ಕೆಟ್ ಇರ್ಬೇಕು. ಸ್ಪೇಸರ್ ಇಲ್ಲದೆ ಮೂವ್‌ಮೆಂಟ್ ಕೇಸಲ್ಲಿ ಆ ಕಡೆ ಈ ಕಡೆ ಅಲ್ಲಾಡ್ತಿದ್ರೆ ನೀವು ಕ್ರೌನ್ ತಳ್ಳಿದಾಗ ಮೂವ್‌ಮೆಂಟೇ ಸರಿದಿರುತ್ತೆ, ಆ ಅಳತೆಗೆ ಬೆಲೆ ಇಲ್ಲ. ಸ್ಟೆಮ್ ಟ್ಯೂಬಿನ ನಡುಮಧ್ಯದಲ್ಲಿ ಹೋಗ್ತಿದೆಯಾ ಅಂತಾನೂ ಲೂಪ್ (ಕಣ್ಣಿಗೆ ಹಾಕೋ ಭೂತಗನ್ನಡಿ) ಹಾಕಿ ನೋಡಿ. ಒಂದು ಕಡೆಗೆ ಉಜ್ಜಿಕೊಂಡು ಹೋಗ್ತಿದ್ರೆ ಅದು ಕತ್ತರಿಸಿ ಸರಿಮಾಡೋ ವಿಷಯ ಅಲ್ಲ, ಮೂವ್‌ಮೆಂಟ್ ಕೂತಿರೋ ಎತ್ತರದಲ್ಲೇ ತಪ್ಪಿದೆ, ಅದನ್ನ ಮೊದಲು ಸರಿಪಡಿಸಿ.

ಇನ್ನು ಕತ್ತರಿಸೋದು. ಸ್ಟೆಮ್ಮಿನ ಒಂದು ತುದಿಯಲ್ಲಿ ಚೌಕ ಭಾಗ ಮತ್ತೆ ಲಿವರ್ ಕೂರೋ ಕಚ್ಚು ಇರುತ್ತೆ, ಅದು ಮೂವ್‌ಮೆಂಟ್ ಒಳಗೆ ಹೋಗೋ ಕಡೆ, ಅದನ್ನ ಮುಟ್ಟೋ ಹಾಗೇ ಇಲ್ಲ. ಕತ್ತರಿಸೋದು ಯಾವಾಗ್ಲೂ ತ್ರೆಡ್ ಇರೋ ಕಡೆ. ಶುರು ಮಾಡೋಕೆ ಮುಂಚೆ ಸ್ಟೆಮ್ಮಿನ ಪೂರ್ತಿ ಉದ್ದ ಅಳೆದು ಕಾಗದದ ಮೇಲೆ ಬರೆದಿಡಿ, ಅದರಿಂದ 4.15 ಕಳೆದ್ರೆ ನಿಮ್ಮ ಗುರಿ ಸಿಕ್ತು. ಹೀಗೆ ಬರೆದಿಟ್ಟುಕೊಳ್ಳೋದರ ದೊಡ್ಡ ಲಾಭ ಏನಂದ್ರೆ ಪ್ರತಿ ಸಲ ಸ್ವಲ್ಪ ಉಜ್ಜಿ ಮೂವ್‌ಮೆಂಟ್‌ಗೆ ಹಾಕಿ ನೋಡೋ ಅಗತ್ಯ ಬೀಳಲ್ಲ, ಕ್ಯಾಲಿಪರಲ್ಲೇ ಗೊತ್ತಾಗ್ತಾ ಹೋಗುತ್ತೆ. ಸ್ಟೆಮ್ ತೆಗೆದು ಹಾಕಿ ತೆಗೆದು ಹಾಕಿ ಮಾಡಿದಷ್ಟೂ ಒಳಗಿನ ಸಣ್ಣ ಭಾಗಗಳು ಜಾಗ ತಪ್ಪೋ ಅಪಾಯ ಜಾಸ್ತಿ, ಅದಕ್ಕೇ ಇದನ್ನ ಒತ್ತಿ ಹೇಳ್ತಿದ್ದೀನಿ.

ಕಟರಲ್ಲಿ ಒಂದೇ ಏಟಿಗೆ 4.15 ತೆಗೀಬೇಡಿ. 3.5 ತೆಗೀರಿ, ಮಿಕ್ಕಿದ್ದು ಅರದ ಕೆಲಸ. ಕಟರ್ ಲೋಹನ ಹಿಸುಕಿ ತುಂಡು ಮಾಡುತ್ತೆ, ತುದಿ ಉಳಿ ಥರ ಚೂಪಾಗಿ ಕೊನೇ ತ್ರೆಡ್ ಎಲ್ಲ ನಜ್ಜುಗುಜ್ಜಾಗಿರುತ್ತೆ, ಆ ಭಾಗ ಹೇಗಿದ್ರೂ ಉಜ್ಜಿ ಹೋಗ್ಬೇಕು, ಅಷ್ಟಕ್ಕೆ ಜಾಗ ಬಿಟ್ಟಿರ್ಬೇಕು. ಸ್ಟೆಮ್ ಗಟ್ಟಿ ಉಕ್ಕು, ತಾಮ್ರದ ತಂತಿ ಕತ್ತರಿಸೋ ಮೆತ್ತನೆ ಕಟರ್ ಹಾಕಿದ್ರೆ ಕಟರಿನ ಬಾಯಿ ಹಲ್ಲು ಬಿಡುತ್ತೆ, ಗಟ್ಟಿ ತಂತಿಗೆ ಅಂತ ಇರೋದನ್ನೇ ಬಳಸಿ. ತುಂಡಾದ ಚೂರು ಗುಂಡಿನ ಥರ ಸಿಡಿಯುತ್ತೆ, ಕಣ್ಣಿಗೆ ಕನ್ನಡಕ ಇರ್ಲೇಬೇಕು, ಮತ್ತೆ ಕೈ, ಕಟರ್, ಸ್ಟೆಮ್ ಎಲ್ಲ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗಿಟ್ಟು ಕತ್ತರಿಸಿದ್ರೆ ಚೂರು ಅದರಲ್ಲೇ ಉಳಿಯುತ್ತೆ.

ಆಮೇಲೆ ಪಿನ್ ವೈಸಲ್ಲಿ (ಸಣ್ಣ ಕಡ್ಡಿ ಹಿಡಿಯೋ ಕೈ ಉಪಕರಣ) ಸ್ಟೆಮ್ಮಿನ ನುಣುಪಾದ ನಡುಭಾಗ ಹಿಡೀರಿ, ಚೌಕ ಭಾಗ ಹಿಡೀಬೇಡಿ, ನುಣ್ಣನೆ ಅರದಲ್ಲೋ ಡೈಮಂಡ್ ಫೈಲಲ್ಲೋ ತುದಿಯನ್ನ ನೇರವಾಗಿ, ಅಡ್ಡ ಓರೆ ಇಲ್ಲದೆ ಉಜ್ಜಿ. ಗುರಿ ಹತ್ರ ಬಂದ ಹಾಗೆ ಉಜ್ಜಿ ಅಳೀರಿ, ಉಜ್ಜಿ ಅಳೀರಿ, ಅವಸರ ಬೇಡ. ಉದ್ದ ಸರಿಹೋದ ಮೇಲೆ ಅರನ ಓರೆಯಾಗಿ ಹಿಡಿದು ಪಿನ್ ವೈಸನ್ನ ಬೆರಳಲ್ಲಿ ತಿರುಗಿಸ್ತಾ ತುದಿಯ ಅಂಚನ್ನ ಸ್ವಲ್ಪವೇ ಸವರಿ, ಇಲ್ಲಾಂದ್ರೆ ಕೊನೇ ತ್ರೆಡ್ಡಿನ ಮೊನೆ ಕ್ರೌನ್ ಒಳಗಿನ ತ್ರೆಡ್ಡನ್ನ ಕಿತ್ತು ಹಾಕುತ್ತೆ. ಇಲ್ಲಿ ತ್ರೆಡ್ 0.90 ಮಿ.ಮೀ. ದಪ್ಪದ್ದು, ಕ್ರೌನ್ ಮಾರೋರು ಟ್ಯಾಪ್ 10 ಅಂತ ಕರೀತಾರೆ, ಅದರ ಒಂದು ಸುತ್ತಿಗೆ ಕ್ರೌನ್ 0.225 ಮಿ.ಮೀ. ಸರಿಯುತ್ತೆ. ಇಷ್ಟು ಸಣ್ಣ ತ್ರೆಡ್ ಅಡ್ಡ ಹತ್ತಿದ್ರೆ ಕ್ರೌನೇ ಹೋಯ್ತು, ಹಾಗಾಗಿ ಬೆರಳಿಗೆ ಬಿಗಿ ಅನ್ನಿಸಿದ ತಕ್ಷಣ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ.

ಉಜ್ಜೋ ಕೆಲಸ ಮೂವ್‌ಮೆಂಟ್ ಇರೋ ಮೇಜಿನ ಮೇಲೆ ಮಾಡ್ಲೇಬೇಡಿ. ಉಕ್ಕಿನ ಪುಡಿ ಎಷ್ಟು ನುಣ್ಣಗಿರುತ್ತೆ ಅಂದ್ರೆ ಕಣ್ಣಿಗೆ ಕಾಣಲ್ಲ, ಆದ್ರೆ ಒಂದು ಕಣ ಗೇರ್ ಹಲ್ಲಿಗೆ ಸಿಕ್ಕಿದ್ರೂ ವಾಚ್ ನಿಲ್ಲುತ್ತೆ. ಸ್ಟೆಮ್ ವಾಪಸ್ ಹಾಕೋಕೆ ಮುಂಚೆ ತ್ರೆಡ್ಡನ್ನ ರೋಡಿಕೊ ಅನ್ನೋ, ವಾಚ್ ಭಾಗಗಳ ಕೊಳೆ ಎತ್ತೋ ಪುಟ್ಟಿಯಲ್ಲಿ ಒತ್ತಿ ಒತ್ತಿ ಸ್ವಚ್ಛ ಮಾಡಿ, ಲೂಪಲ್ಲಿ ನೋಡಿ.

ಪ್ರಶ್ನೆ: ಅಳತೆ ತಗೊಳ್ಳೋಕೆ ಅಂತ ಸ್ಟೆಮ್ ಹೊರಗೆ ತೆಗೆದಿದ್ದೆ. ಈಗ ವಾಪಸ್ ಹಾಕಿದ್ರೆ ಕ್ರೌನ್ ಬರೀ ಸುಮ್ನೆ ತಿರುಗುತ್ತೆ, ಕೀ ಕೂರ್ತಾ ಇಲ್ಲ, ಟೈಮೂ ಬದಲಾಗ್ತಿಲ್ಲ. ಮೂವ್‌ಮೆಂಟ್ ಹಾಳಾಯ್ತಾ?

ಉತ್ತರ: ಹಾಳಾಗಿಲ್ಲ, ಗಾಬರಿ ಬೇಡ. ಸ್ಟೆಮ್ಮಿನ ಚೌಕ ಭಾಗದ ಮೇಲೆ ಆ ಕಡೆ ಈ ಕಡೆ ಜಾರೋ ಒಂದು ಸಣ್ಣ ಹಲ್ಲಿನ ಚಕ್ರ ಇದೆ, ಸ್ಲೈಡಿಂಗ್ ಪಿನಿಯನ್, ಅದನ್ನ ಒಂದು ಕವಲು ಕಡ್ಡಿ ಥರದ ಯೋಕ್ ಹಿಡ್ಕೊಂಡಿರುತ್ತೆ. ಸ್ಟೆಮ್ ಹೊರಗೆ ಇರೋವಾಗ ಆ ಚಕ್ರಕ್ಕೆ ಆಸರೆ ಇರಲ್ಲ, ಸ್ಟೆಮ್ ಬಿಡಿಸೋಕೆ ಒತ್ತೋ ರಿಲೀಸ್ ಪಾಯಿಂಟನ್ನ ಜೋರಾಗಿ ಒತ್ತಿದ್ರೆ ಅಥವಾ ತಪ್ಪು ಪೊಸಿಷನಲ್ಲಿ ಸ್ಟೆಮ್ ಎಳೆದ್ರೆ ಯೋಕ್ ಅದರ ಕಚ್ಚಿನಿಂದ ತಪ್ಪಿಸ್ಕೊಳ್ಳುತ್ತೆ. ನಿಮ್ಮದು ಅದೇ ಆಗಿರೋ ಹಾಗಿದೆ. ಮೊದಲು ಸ್ಟೆಮ್ಮನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಬಲ ಹಾಕದೆ ಒಳಗೆ ಬಿಟ್ಟು ನೋಡಿ, ಕೆಲವು ಸಲ ಚೌಕ ಹೊಂದಿಕೊಳ್ಳದೇ ಇದ್ದದ್ದಷ್ಟೇ ಆಗಿರುತ್ತೆ. ಹಾಗೂ ಬರ್ಲಿಲ್ಲ ಅಂದ್ರೆ ಬೇರೆ ದಾರಿ ಇಲ್ಲ, ಮುಳ್ಳು ಡಯಲ್ ಎರಡೂ ತೆಗೀಬೇಕು, ಯಾಕಂದ್ರೆ ಈ ಭಾಗಗಳೆಲ್ಲ ಡಯಲ್ ಕೆಳಗಡೆನೇ ಇರೋದು. ಯೋಕನ್ನ ಚಿಮಟದಲ್ಲಿ ಅದರ ಕಚ್ಚಿಗೆ ಕೂರಿಸಿದ್ರೆ ಎಲ್ಲ ಮೊದಲಿನ ಹಾಗೆ.

ಮುಂದಿನ ಸಲಕ್ಕೆ, ಸ್ಟೆಮ್ ಯಾವ ಪೊಸಿಷನಲ್ಲಿ ತೆಗೀಬೇಕು ಅನ್ನೋದು ಒಂದೊಂದು ಮೂವ್‌ಮೆಂಟ್‌ಗೆ ಒಂದೊಂದು ಥರ, ಮೇಕರ್ ಕೊಡೋ ಟೆಕ್ನಿಕಲ್ ಶೀಟಲ್ಲಿ ಬರೆದಿರುತ್ತೆ, ಅದನ್ನ ಓದಿಕೊಂಡೇ ಕೈ ಹಾಕಿ. ಎನ್‌ಎಚ್35, ಇಟಿಎ 2824 ಇಂಥವುಗಳಲ್ಲಿ ಒತ್ತೋ ಪಾಯಿಂಟ್ ಇರುತ್ತೆ, ಮೆಲ್ಲಗೆ ಒತ್ತಿದ್ರೆ ಸಾಕು, ಸ್ಟೆಮ್ ತಾನೇ ಸಡಿಲ ಆಗಿ ಬರುತ್ತೆ. ಯುನಿಟಾಸ್ 6497 ಥರದ ಹಳೇ ಕೈ ಕೀ ಮೂವ್‌ಮೆಂಟಲ್ಲಿ ಅಲ್ಲಿ ಸ್ಕ್ರೂ ಇರುತ್ತೆ, ಅದನ್ನ ಒಂದೆರಡು ಸುತ್ತು ಸಡಿಲ ಮಾಡೋದಷ್ಟೇ, ಪೂರ್ತಿ ಬಿಚ್ಚಿದ್ರೆ ಲಿವರ್ ಡಯಲ್ ಕಡೆಗೆ ಕಳಚಿ ಬೀಳುತ್ತೆ.

ಪ್ರಶ್ನೆ: ನನ್ನದು ಸ್ಕ್ರೂಡೌನ್ ಕ್ರೌನ್ ಇರೋ ಡೈವರ್ ಕೇಸ್. ಸ್ಟೆಮ್ ಕತ್ತರಿಸಿ ಹಾಕ್ದೆ, ಕೀ ಚೆನ್ನಾಗಿ ಕೂರುತ್ತೆ, ಟೈಮೂ ಸೆಟ್ ಆಗುತ್ತೆ, ಆದ್ರೆ ಕ್ರೌನನ್ನ ತಿರುಗಿಸಿ ಮುಚ್ಚೋಕೆ ಹೋದ್ರೆ ಕೊನೇ ಒಂದು ಸುತ್ತು ತುಂಬಾ ಬಿಗಿ, ಕೇಸಿಗೂ ಪೂರ್ತಿ ತಾಗ್ತಿಲ್ಲ. ಜೋರು ಹಾಕಿ ಬಿಗಿ ಮಾಡ್ಲಾ?

ಉತ್ತರ: ಬೇಡ, ಖಂಡಿತ ಬೇಡ. ಸ್ಟೆಮ್ ಇನ್ನೂ ಉದ್ದ ಇದೆ. ಸ್ಕ್ರೂಡೌನ್ ಕ್ರೌನ್ ಒಳಗೆ ಒಂದು ಸ್ಪ್ರಿಂಗ್ ಇರುತ್ತೆ, ಮುಚ್ಚೋವಾಗ ಸ್ಟೆಮ್ ಇದ್ದಲ್ಲೇ ಇದ್ದು ಕ್ರೌನ್ ಮಾತ್ರ ಮುಂದೆ ಬರ್ಬೇಕು, ಆ ಓಡಾಟವನ್ನ ಸ್ಪ್ರಿಂಗ್ ತಡ್ಕೊಳ್ಳುತ್ತೆ. ಸ್ಟೆಮ್ ಉದ್ದ ಆದಾಗ ಕ್ರೌನ್ ಕೂರೋ ಮುಂಚೆನೇ ಸ್ಪ್ರಿಂಗ್ ಪೂರ್ತಿ ಕುಗ್ಗಿ ಮುಗಿದಿರುತ್ತೆ, ಅಲ್ಲಿಂದ ಮುಂದೆ ನೀವು ಹಾಕೋ ಬಲ ಎಲ್ಲ ನೇರವಾಗಿ ಮೂವ್‌ಮೆಂಟ್ ಮೇಲೆ, ಸೆಟ್ಟಿಂಗ್ ಲಿವರ್ ಮೇಲೆ ಬೀಳುತ್ತೆ. ಗ್ಯಾಸ್ಕೆಟ್ ಕೂಡ ಒತ್ತಲ್ಲ, ಅಂದ್ರೆ ನೀರು ತಡೆಯೋಕೆ ಅಂತ ಇರೋ ಕ್ರೌನ್ ನೀರು ತಡೆಯಲ್ಲ.

ಇಲ್ಲಿ ಉದ್ದಕ್ಕೆ ಎರಡು ಮಿತಿ ಇವೆ, ಅದನ್ನ ಅರ್ಥ ಮಾಡ್ಕೊಂಡ್ರೆ ಕೆಲಸ ಸಲೀಸು. ಒಂದು ಈಗ ಹೇಳಿದ್ದು, ಮುಚ್ಚಿದಾಗ ಸ್ಪ್ರಿಂಗಲ್ಲಿ ಇನ್ನೂ ಸ್ವಲ್ಪ ಜಾಗ ಮಿಕ್ಕಿರ್ಬೇಕು. ಇನ್ನೊಂದು, ಕ್ರೌನ್ ಬಿಚ್ಚಿದಾಗ ಸ್ಪ್ರಿಂಗ್ ಅದನ್ನ ಟ್ಯೂಬಿನ ತ್ರೆಡ್ಡಿಂದ ಪೂರ್ತಿ ಆಚೆ ತಳ್ಳಿರ್ಬೇಕು, ಸ್ಟೆಮ್ ಮಾತ್ರ ಕೀ ಕೊಡೋ ಪೊಸಿಷನಲ್ಲೇ ಇರ್ಬೇಕು. ಸ್ಟೆಮ್ ಗಿಡ್ಡ ಆದ್ರೆ ಕ್ರೌನ್ ತ್ರೆಡ್ಡಿಂದ ಬಿಡಿಸ್ಕೊಳ್ಳಲ್ಲ, ಬಿಚ್ತಾ ಬಿಚ್ತಾ ಸ್ಟೆಮ್ಮನ್ನೂ ಎಳ್ಕೊಂಡು ಬರುತ್ತೆ, ಕೀ ಕೊಡೋಣ ಅಂತ ತಿರುಗಿಸಿದ್ರೆ ತಾರೀಖು ಬದಲಾಗುತ್ತೆ. ಈ ಎರಡರ ನಡುವೆ ಎಲ್ಲಿ ನಿಂತ್ರೂ ವಾಚ್ ಸರಿಯಾಗೇ ಇರುತ್ತೆ. ನಿಮಗೆ ಕೊನೇ ಸುತ್ತಲ್ಲಿ ಬಿಗಿ ಸಿಗ್ತಿದೆ ಅಂದ್ರೆ ಇನ್ನು ಬಹಳ ಕಮ್ಮಿ ತೆಗೀಬೇಕು, ಕಟರ್ ಮುಟ್ಟಲೇಬೇಡಿ, ಅರದಲ್ಲಿ 0.1 ಮಿ.ಮೀ. ಉಜ್ಜಿ, ಹಾಕಿ ಮುಚ್ಚಿ ನೋಡಿ, ಮತ್ತೆ 0.1. ಬೆರಳಿಗೆ ಸ್ಪ್ರಿಂಗಿನ ಮೆತ್ತನೆ ಒತ್ತಡ ಮಾತ್ರ ಗೊತ್ತಾಗ್ತಾ ಕ್ರೌನ್ ಕೇಸಿಗೆ ಬಂದು ಕೂತ್ರೆ ನಿಲ್ಲಿಸಿ, ಆಮೇಲೆ ಬಿಚ್ಚಿ ಕೀ, ತಾರೀಖು, ಟೈಮ್ ಮೂರನ್ನೂ ಪರೀಕ್ಷೆ ಮಾಡಿ.

ಪ್ರಶ್ನೆ: ಸ್ಟೆಮ್ ಗಿಡ್ಡ ಆಗ್ಬಿಟ್ಟಿದೆ, ಕೂದಲೆಳೆಯಷ್ಟು. ಹೊಸದೇ ತರ್ಬೇಕಾ? ತ್ರೆಡ್‌ಗೆ ಗಮ್ ಹಾಕ್ಬೇಕು ಅಂತಾರಲ್ಲ, ಯಾವುದು?

ಉತ್ತರ: ಕೂದಲೆಳೆಯಷ್ಟೇ ಆದ್ರೆ ಕ್ರೌನನ್ನ ತಳ ಮುಟ್ಟಿಸದೆ ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಇಡಿ, 0.225 ವಾಪಸ್ ಸಿಕ್ತು, ಆ ಜಾಗದಲ್ಲಿ ಗಮ್ ಹಾಕಿ ನಿಲ್ಲಿಸಿದ್ರೆ ಆಯ್ತು. ಎರಡು ಮೂರು ಸುತ್ತು ಹಿಂದೆ ಬರ್ಬೇಕು ಅಂದ್ರೆ ಬೇಡ, ತ್ರೆಡ್ಡಿನ ಹಿಡಿತ ಕಮ್ಮಿಯಾಗಿ ಒಂದಿನ ಕ್ರೌನ್ ಕೈಗೆ ಬರುತ್ತೆ. ಸ್ಟೆಮ್ ಎಕ್ಸ್‌ಟೆನ್ಶನ್ ಅಂತ ಸಿಗುತ್ತೆ, ಒಂದು ಕಡೆ ಒಳ ತ್ರೆಡ್ ಒಂದು ಕಡೆ ಹೊರ ತ್ರೆಡ್, ಅದು ಟ್ಯೂಬ್ ಒಳಗೆ ಉಜ್ಜದೆ ಹೋಗುತ್ತಾ ನೋಡ್ಬೇಕು. ನನ್ನ ಕೇಳಿದ್ರೆ ಹೊಸ ಸ್ಟೆಮ್ಮೇ ಹಾಕಿ, ಸಿಗದೇ ಇರೋ ಹಳೇ ಮೂವ್‌ಮೆಂಟ್ ಆದ್ರೆ ಮಾತ್ರ ಎಕ್ಸ್‌ಟೆನ್ಶನ್ ಯೋಚ್ನೆ ಮಾಡಿ.

ಗಮ್ ಅಂದ್ರೆ ಲಾಕ್ಟೈಟ್ ಥರದ ತ್ರೆಡ್‌ಲಾಕರ್. ನೇರಳೆ ಬಣ್ಣದ 222 ಸಣ್ಣ ತ್ರೆಡ್‌ಗೆ ಅಂತಲೇ ಇರೋದು, ಮುಂದೆ ಬೇಕಾದ್ರೆ ಬಿಚ್ಚೋಕೂ ಬರುತ್ತೆ, ನೀಲಿ 243 ಅದಕ್ಕಿಂತ ಗಟ್ಟಿ. ಸೂಪರ್ ಗ್ಲೂ ಬೇಡ. ಎಲ್ಲ ಪರೀಕ್ಷೆ ಮುಗಿದ ಮೇಲೆ, ತ್ರೆಡ್ಡಲ್ಲಿ ಎಣ್ಣೆ ಜಿಡ್ಡು ಒರೆಸಿ, ಸೂಜಿ ಮೊನೆಯಲ್ಲಿ ಎಷ್ಟು ನಿಲ್ಲುತ್ತೋ ಅಷ್ಟೇ ಸ್ಟೆಮ್ಮಿನ ತುದಿಗೆ ಹಚ್ಚಿ. ಜಾಸ್ತಿ ಆಗಿ ಸ್ಕ್ರೂಡೌನ್ ಕ್ರೌನಿನ ಸ್ಪ್ರಿಂಗ್ ಕಡೆ ಹರಿದ್ರೆ ಸ್ಪ್ರಿಂಗ್ ಅಲ್ಲೇ ಅಂಟಿಕೊಳ್ಳುತ್ತೆ. ಹಾಕಿದ ಮೇಲೆ ಸ್ಟೆಮ್ಮನ್ನ ಹೊರಗಡೆನೇ 24 ಗಂಟೆ ಬಿಟ್ಟು, ಗ್ಯಾಸ್ಕೆಟ್ಟಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ, ಆಮೇಲೆ ವಾಚಿಗೆ ಹಾಕಿ.