ಬಾಡಿಗೆಗೆ ವಿಮಾನ ಓಡಿಸೋ ಚಾರ್ಟರ್ ಕಂಪನಿಯಲ್ಲಿ ಡಿಸ್ಪ್ಯಾಚರ್ (ನೆಲದಿಂದ ಹಾರಾಟ ಯೋಜಿಸೋರು) ಆಗೋಕೆ ಅಮೆರಿಕದ ಲೈಸೆನ್ಸ್ ಮಾಡಿಕೊಳ್ಳಬೇಕಾ?

ಬೇಡ. ಏರ್‌ಲೈನ್‌ನಲ್ಲಿ ಕೆಲಸ ಸಿಗದಿದ್ದರೆ ಚಾರ್ಟರ್‌ನಲ್ಲಾದರೂ ಸುಲಭವಾಗಿ ಸಿಗುತ್ತೆ ಅಂತ ಬರೆದಿದ್ದೀರಲ್ಲ, ಮೊದಲು ಅದನ್ನ ತಲೆಯಿಂದ ತೆಗೀರಿ. ನಾನೂ ಹಾಗೇ ಅಂದುಕೊಂಡು ಬೆಂಗಳೂರಿನ ಒಂದು ಚಾರ್ಟರ್ ಕಂಪನಿ ಸೇರಿದವನು. ಏರ್‌ಲೈನ್‌ನಲ್ಲಿ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು ಇರ್ತಾರೆ. ಇಲ್ಲಿ ರಾತ್ರಿ ಪಾಳಿಗೆ ಕೂತರೆ ಫ್ಲೈಟ್ ಪ್ಲ್ಯಾನ್ (ಹಾರಾಟದ ವಿವರಗಳ ಅರ್ಜಿ), ನೋಟಮ್ (ಪೈಲಟ್‌ಗಳಿಗೆ ಬರೋ ಸೂಚನೆ), ಹವಾಮಾನ, ಇಂಧನ, ಪೈಲಟ್‌ಗಳ ಡ್ಯೂಟಿ ಗಂಟೆ, ಅವರ ಹೋಟೆಲು, ಕೊನೆಗೆ ತಿಂಡಿ ಡಬ್ಬಿ ಕೂಡ ನಿಮ್ಮ ತಲೆ ಮೇಲೇ.

ಸೇರಿ ನಾಲ್ಕನೇ ತಿಂಗಳು. 14ನೇ ತಾರೀಖು ಬೆಳಗಿನ ಜಾವ 4.45ಕ್ಕೆ ದೇವನಹಳ್ಳಿಯಿಂದ ಹೈದರಾಬಾದಿಗೆ ಒಬ್ಬ ರೋಗಿಯನ್ನ ಕಳಿಸಬೇಕಿತ್ತು. ಫ್ಲೈಟ್ ಪ್ಲ್ಯಾನಿನಲ್ಲಿ ಸಮಯ ಯುಟಿಸಿಯಲ್ಲಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ ಇರಬೇಕು, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೀಬೇಕು. 13ನೇ ಐಟಮ್‌ನಲ್ಲಿ (ಹೊರಡೋ ಸಮಯದ ಅಂಕಣ) 2315 ಅಂತ ಸರಿಯಾಗೇ ಹಾಕಿದೆ. ಆದರೆ ಹಾಗೆ ಕಳೆದಾಗ ತಾರೀಖೂ 13ಕ್ಕೆ ಹಿಂದೆ ಸರಿಯುತ್ತೆ. 18ನೇ ಐಟಮ್‌ನಲ್ಲಿ ಡಿಒಎಫ್ (ಹಾರಾಟದ ತಾರೀಖು) ಮುಂದೆ ನಾನು 14 ಅಂತ ಬರೆದೆ. ಅಂದರೆ 15ರ ಬೆಳಗಿನ ಜಾವಕ್ಕೆ ಪ್ಲ್ಯಾನ್ ಹಾಕಿದ ಹಾಗಾಯ್ತು. ಹಿಂದೆ ಹಾಕಿದ್ದ ಒಂದು ಹಗಲಿನ ಪ್ಲ್ಯಾನನ್ನ ನಕಲು ಮಾಡಿ ಸಮಯ ಮಾತ್ರ ತಿದ್ದಿದ್ದೆ. ಹಗಲಿನಲ್ಲಿ ಎರಡೂ ತಾರೀಖು ಒಂದೇ ಇರೋದರಿಂದ ಆ ಜಾಗ ನೋಡೋ ಅಭ್ಯಾಸವೇ ನನಗಿರಲಿಲ್ಲ. ಸಿಸ್ಟಮ್ಮೂ ತಡೆಯಲ್ಲ, ಯಾಕಂದ್ರೆ ಅದರ ಲೆಕ್ಕಕ್ಕೆ ಅದು ನಾಳೆಯ ಸರಿಯಾದ ಪ್ಲ್ಯಾನ್. ರಾತ್ರಿ 12ರಿಂದ ಬೆಳಗ್ಗೆ 5.30ರೊಳಗೆ ಹೊರಡೋ ಪ್ರತಿ ಫ್ಲೈಟ್‌ಗೂ ಈ ಅಪಾಯ ಇದ್ದೇ ಇದೆ.

3.50ಕ್ಕೆ ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ), ಎಡಿಸಿ (ವಾಯು ರಕ್ಷಣೆಯ ಅನುಮತಿ) ನಂಬರ್‌ಗೆ ಅಂತ ಚೆನ್ನೈಗೆ ಫೋನ್ ಮಾಡಿದಾಗ, "ನಿಮ್ಮ ಪ್ಲ್ಯಾನ್ ಇವತ್ತಿಗೆ ಇಲ್ಲವಲ್ಲ" ಅಂದರು. ಪ್ಲ್ಯಾನ್ ಹಾಕೋದು ಹೊರಡೋದಕ್ಕೆ ಕನಿಷ್ಠ 60 ನಿಮಿಷ ಮೊದಲು. ಹೊಸದಾಗಿ ಹಾಕಿ, ನಂಬರ್ ಬಂದು, ವಿಮಾನ ಹೊರಟಾಗ 5.25. ಆ ನಲವತ್ತು ನಿಮಿಷ ಆಂಬುಲೆನ್ಸ್ ಒಳಗೆ ಡಾಕ್ಟರು ಆಕ್ಸಿಜನ್ ಸಿಲಿಂಡರಿನ ಮುಳ್ಳನ್ನೇ ನೋಡ್ತಾ ಕೂತಿದ್ದರು. ಒಂದು ಸಲ ಸಿಲಿಂಡರ್ ಬದಲಾಯಿಸಿದರು. ರೋಗಿ ಕ್ಷೇಮವಾಗಿ ತಲುಪಿದರು. ನನಗೆ ಮಾತ್ರ ಆ ಮುಳ್ಳು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಲೈಸೆನ್ಸ್ ವಿಷಯ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಡಿಸ್ಪ್ಯಾಚರ್ ಕೋರ್ಸ್ ಕನಿಷ್ಠ 200 ಗಂಟೆ, ಸರ್ಟಿಫಿಕೇಟ್ ಕೈಗೆ ಬರೋಕೆ 23 ವರ್ಷ ತುಂಬಿರಬೇಕು. ಅಮೆರಿಕದಲ್ಲೇ ಅದು ಕಡ್ಡಾಯ ಇರೋದು ಅಲ್ಲಿನ ನಿಯಮಾವಳಿಯ ಪಾರ್ಟ್ 121ರ ಏರ್‌ಲೈನ್‌ಗಳಿಗೆ, ಪಾರ್ಟ್ 135ರ ಚಾರ್ಟರ್‌ಗಳಿಗೆ ಅಲ್ಲ. ಇಲ್ಲಿ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಅನುಮೋದನೆಯೇ ಬೇರೆ. ಲಕ್ಷಗಟ್ಟಲೆ ಸುರಿಯೋ ಬದಲು ಏರ್‌ಪೋರ್ಟ್ಸ್ ಅಥಾರಿಟಿಯವರ ಎಐಪಿ (ಏರ್‌ಪೋರ್ಟ್, ಮಾರ್ಗಗಳ ಅಧಿಕೃತ ಮಾಹಿತಿ ಪುಸ್ತಕ) ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಅದನ್ನ ಓದಿ. ಮೈಸೂರಿನಂಥ ಸಣ್ಣ ಏರ್‌ಪೋರ್ಟ್‌ಗಳ ವಾಚ್ ಅವರ್ಸ್ (ಏರ್‌ಪೋರ್ಟ್ ತೆರೆದಿರೋ ಹೊತ್ತು) ನೋಡೋದು ಕಲೀರಿ, ಆ ಹೊತ್ತು ಮೀರಿದರೆ ಮೊದಲೇ ಕೇಳಿ ಎಕ್ಸ್‌ಟೆನ್ಶನ್ ತಗೋಬೇಕು. ಚಾರ್ಟರ್ ಆದರೆ 8ನೇ ಐಟಮ್‌ನಲ್ಲಿ ಎನ್ (ನಿಗದಿತ ವೇಳಾಪಟ್ಟಿ ಇಲ್ಲದ್ದು), ರೋಗಿ ಇದ್ದರೆ 18ರಲ್ಲಿ ಎಸ್‌ಟಿಎಸ್ (ವಿಶೇಷ ಗಮನ ಬೇಕಾದ ಕಾರಣ) ಮುಂದೆ ಹಾಸ್ಪ್, ಜೀವಕ್ಕೇ ಕುತ್ತಿದ್ದರೆ ಮೆಡಿವ್ಯಾಕ್. ಚಳಿಗಾಲದಲ್ಲಿ ದಿನಾ ಬೆಳಗ್ಗೆ ದೇವನಹಳ್ಳಿಯ ಮೆಟಾರ್ (ಏರ್‌ಪೋರ್ಟಿನ ಹವಾಮಾನ ವರದಿ) ತೆಗೆದು, ಮಂಜು ಕವಿದರೆ ಚೆನ್ನೈಗೆ ಹೋಗೋಕೆ ಎಷ್ಟು ಇಂಧನ ಬೇಕು ಅಂತ ಲೆಕ್ಕ ಹಾಕಿ.

ಇಂಟರ್‌ವ್ಯೂನಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು, ರಾತ್ರಿ ನೀವು ಹಾಕಿದ ಪ್ಲ್ಯಾನನ್ನ ಇನ್ನೊಬ್ಬರು ಓದ್ತಾರಾ ಅಂತ. ಯಾರೂ ಇಲ್ಲ ಅಂದರೆ, ಕಳಿಸೋ ಮೊದಲು ಪೈಲಟ್‌ಗೆ ಫೋನ್ ಮಾಡಿ ಡಿಒಎಫ್ ಓದಿ ಹೇಳಿ. ನಿದ್ದೆಗೆಟ್ಟಿತು ಅಂತ ಬೈದರೆ ಬೈಸಿಕೊಳ್ಳಿ.